ಕೆಂಪು ಮಣಿಯ ಪಾಠ

ಒಂದು ಪೆಟ್ಟಿಗೆ. ಅದರಲ್ಲಿ 3,200 ಬಿಳಿ ಮಣಿಗಳು, 800 ಕೆಂಪು ಮಣಿಗಳು. 50 ಕುಳಿಗಳಿರುವ ಹಲಗೆಯೊಂದನ್ನು ಪೆಟ್ಟಿಗೆಯಲ್ಲಿ ಅದ್ದಿ ಎತ್ತಿದರೆ ಕುಳಿಗೊಂದರಂತೆ ಮಣಿಗಳು ಕುಳಿತು ಬರುತ್ತವೆ. ಬಿಳಿ ಮಣಿ ಒಳ್ಳೆಯ ಮಾಲು, ಕೆಂಪು ಮಣಿ ದೋಷದ ಮಾಲು. ಕೈಯಿಂದ ಆರಿಸುವಂತಿಲ್ಲ.

ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ (1900–1993) ತಮ್ಮ ಉಪನ್ಯಾಸಗಳಲ್ಲಿ ಈ ಆಟ ಆಡಿಸುತ್ತಿದ್ದರು. ಸಭಿಕರಲ್ಲಿ ಆರು ಮಂದಿ ಕೆಲಸಗಾರರು, ಡೆಮಿಂಗ್ ಮೇಲ್ವಿಚಾರಕ. 6 ಕೆಂಪು ಮಣಿ ಬಂದವನಿಗೆ ಶಹಬಾಸ್‌ಗಿರಿ, 14 ಬಂದವನಿಗೆ ಬೈಗುಳ. ಮುಂದಿನ ಸರದಿಯಲ್ಲಿ ಶಹಬಾಸ್‌ಗಿರಿ ಪಡೆದವನ ಹಲಗೆಯಲ್ಲೇ ಕೆಂಪು ಹೆಚ್ಚಾದರೆ 'ಹೊಗಳಿಕೆ ತಲೆಗೇರಿತು' ಎಂಬ ತೀರ್ಪು. ಸಭೆಯೆಲ್ಲ ನಗು.

ನಗೆಯ ಹಿಂದೆ ಒಂದು ಲೆಕ್ಕವಿದೆ. ಪೆಟ್ಟಿಗೆಯಲ್ಲಿ ಐದಕ್ಕೊಂದು ಕೆಂಪು. ಆದ್ದರಿಂದ ಹಲಗೆಗೆ ಸರಾಸರಿ 10. ಆದರೆ ಬರೀ ಆಕಸ್ಮಿಕದಿಂದಲೇ ಅದು ಸುಮಾರು 2ರಿಂದ 18ರವರೆಗೆ ಏರಿಳಿಯಬಹುದು. ಜಾಣನೂ ಇಲ್ಲ, ಸೋಮಾರಿಯೂ ಇಲ್ಲ. ಇರುವುದು ಪೆಟ್ಟಿಗೆ ಮಾತ್ರ.

ಈ ವಿಚಾರದ ಬೀಜ ಬಿತ್ತಿದವರು ಭೌತವಿಜ್ಞಾನಿ ವಾಲ್ಟರ್ ಶೂಹಾರ್ಟ್. ದೂರವಾಣಿ ಉಪಕರಣಗಳನ್ನು ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದಾಗ, 1924ರಲ್ಲಿ ಅವರು ಒಂದು ಪುಟದ ಟಿಪ್ಪಣಿಯಲ್ಲಿ 'ನಿಯಂತ್ರಣ ನಕ್ಷೆ'ಯನ್ನು ಬರೆದು ತೋರಿಸಿದರು. ನಡುವೆ ಸರಾಸರಿಯ ಗೆರೆ, ಮೇಲೊಂದು ಕೆಳಗೊಂದು ಮಿತಿಯ ಗೆರೆ. ದಿನದಿನದ ದೋಷದ ಸಂಖ್ಯೆ ಈ ಮಿತಿಯೊಳಗೇ ಕುಣಿಯುತ್ತಿದ್ದರೆ ಒಬ್ಬನನ್ನು ಹಿಡಿದು ದೂರಬೇಡಿ. ಮಿತಿ ದಾಟಿತೋ, ಆ ದಿನ ಏನಾಯಿತೆಂದು ಅಂದೇ ಹುಡುಕಿ. ಆಕಸ್ಮಿಕವನ್ನು ತಪ್ಪೆಂದು ತಿಳಿಯುವುದು ಒಂದು ಪ್ರಮಾದ. ತಪ್ಪನ್ನು ಆಕಸ್ಮಿಕವೆಂದು ಬಿಡುವುದು ಇನ್ನೊಂದು ಪ್ರಮಾದ.

ಹಾಗಾದರೆ ಮಿತಿಯೊಳಗಿದ್ದರೆ ಎಲ್ಲ ಸರಿಯೆ? ಖಂಡಿತ ಅಲ್ಲ. ಐವತ್ತಕ್ಕೆ ಹತ್ತು ದೋಷ ಯಾವ ಗಿರಾಕಿಗೂ ಬೇಡ. ಆದರೆ ಅದನ್ನು ತಗ್ಗಿಸಲು ಪೆಟ್ಟಿಗೆಯನ್ನೇ ಬದಲಿಸಬೇಕು. ಹಲಗೆ ಅದ್ದುವವನಿಗೆ ಆ ಅಧಿಕಾರವಿಲ್ಲ; ಯೋಜನೆ ಹಾಕುವವನಿಗೆ ಇದೆ.

ಉದ್ಯಮ ಯಾವುದಾದರೂ ಈ ಮಾತು ಹೊಂದುತ್ತದೆ, ಪೆಟ್ಟಿಗೆ ಮಾತ್ರ ಬೇರೆ. ಡೇರಿಗೆ ಬರುವ ಹಾಲು ಪದೇಪದೇ ಕೆಡುತ್ತಿದ್ದರೆ ಲಾರಿ ಚಾಲಕನಿಗೆ ನೋಟಿಸು ಕೊಟ್ಟು ಫಲವೇನು? ಕರೆದ ಹಾಲನ್ನು ಬೇಗನೆ 4 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಸದಿದ್ದರೆ ಬ್ಯಾಕ್ಟೀರಿಯಾ ವೃದ್ಧಿಯಾಗುತ್ತವೆ. ತಂಪಾಗಿಸುವ ಏರ್ಪಾಡು ಹಳ್ಳಿಯಲ್ಲೇ ಆಗಬೇಕು. ಕಡಿದ ಕಬ್ಬು ಕಾದಷ್ಟೂ ಅದರ ಸಕ್ಕರೆ ಅಂಶ ಇಳಿಯುತ್ತದೆ. ಕಾರ್ಖಾನೆಯ ಮುಂದೆ ಎರಡು ದಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದರೆ, ಒಳಗೆ ರಸ ಕುದಿಸುವವನನ್ನು ಗದರಿಸಿದರೆ ಇಳುವರಿ ಏರದು. ಯಾವ ಊರಿನ ಕಬ್ಬು ಎಂದು ಕಟಾವು ಎಂಬ ಪಟ್ಟಿಯಲ್ಲೇ ಅದರ ಮದ್ದಿದೆ. ಗಾರ್ಮೆಂಟ್ ಕಾರ್ಖಾನೆಗೆ ಬಂದ ಬಟ್ಟೆಯ ಥಾನುಗಳಲ್ಲೇ ಬಣ್ಣ ಹೆಚ್ಚುಕಡಿಮೆಯಿದ್ದರೆ ಹೊಲಿಯುವ ಹೆಣ್ಣುಮಗಳು ಏನು ಮಾಡಿಯಾಳು? ಪರೀಕ್ಷೆ ಕತ್ತರಿಸುವ ಮೇಜಿಗಿಂತ ಮೊದಲೇ ನಡೆಯಬೇಕು.

ಡೆಮಿಂಗ್ 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಎಂಜಿನಿಯರುಗಳಿಗೂ ಉದ್ಯಮಪತಿಗಳಿಗೂ ಇದನ್ನೇ ಹೇಳಿದರು. ಅವರು ಕಿವಿಗೊಟ್ಟು ಕೇಳಿದರು. 1951ರಿಂದಲೇ ಗುಣಮಟ್ಟಕ್ಕಾಗಿ ಡೆಮಿಂಗ್ ಹೆಸರಿನಲ್ಲಿ ಬಹುಮಾನ ಕೊಡತೊಡಗಿದರು.

ಕಾರ್ಖಾನೆಯ ಮಾತು ಮೇಷ್ಟರಿಗೇಕೆ ಎನ್ನುವಿರಾ? ಕಿರುಪರೀಕ್ಷೆಯಲ್ಲಿ ಕಳೆದ ಸಲ 18 ಪಡೆದ ಹುಡುಗನಿಗೆ ಈ ಸಲ 15 ಬಂದರೆ ನಾನು ನಿಲ್ಲಿಸಿ ಬೈಯುತ್ತಿದ್ದೆ. ಮುಂದಿನ ಸಲ 17 ಬರುತ್ತಿತ್ತು. ಬೈದದ್ದರ ಫಲ ಎಂದು ಬೀಗುತ್ತಿದ್ದೆ. ಬೈಯದಿದ್ದರೂ ಅವನು ತನ್ನ ಸರಾಸರಿಯ ಹತ್ತಿರಕ್ಕೆ ಬರುತ್ತಿದ್ದನೇನೋ ಎಂಬ ಯೋಚನೆ ವರ್ಷಗಟ್ಟಲೆ ನನಗೆ ಬರಲಿಲ್ಲ. ಆದರೆ ಇಡೀ ತರಗತಿಯೇ ಪ್ರತಿ ವರ್ಷ ವಿದ್ಯುತ್ ಪಾಠದಲ್ಲಿ ಮುಗ್ಗರಿಸುತ್ತಿತ್ತು. ಆ ಪೆಟ್ಟಿಗೆ ನನ್ನದು, ಪಾಠ ಮಾಡುವ ಕ್ರಮ ನನ್ನದು.

ಕೈಕೆಳಗೆ ನಾಲ್ಕು ಜನರಿರುವವರು ಬೈಯುವ ಮುನ್ನ ಒಂದು ಕ್ಷಣ ನಿಂತು ಕೇಳಿಕೊಳ್ಳಲಿ: ಈ ಕೆಂಪು ಮಣಿಯನ್ನು ಪೆಟ್ಟಿಗೆಗೆ ಹಾಕಿದವರು ಯಾರು?