ವಾಹನ ವಿಚಾರ: ಚುಕ್ಕಾಣಿಯ ಎಣ್ಣೆ ಸೋರುವಾಗ

ಮಾನಂದವಾಡಿಯಿಂದ ಕರ್ನಾಟಕದ ಕಡೆಗೆ ಹೊರಟವರಿಗೆ ಕಾಟ್ಟಿಕುಳದಲ್ಲಿ ದಾರಿ ಎರಡಾಗುತ್ತದೆ. ಒಂದು ಬಾವಲಿಯನ್ನು ದಾಟಿ ಹೆಗ್ಗಡದೇವನಕೋಟೆಯ ಮೇಲೆ ಮೈಸೂರಿಗೆ ಹೋಗುತ್ತದೆ. ಇನ್ನೊಂದು ತೋಲ್ಪೆಟ್ಟಿಯ ಮಾರ್ಗವಾಗಿ ಕುಟ್ಟಕ್ಕೆ, ಅಲ್ಲಿಂದ ಗೋಣಿಕೊಪ್ಪಕ್ಕೆ. ಎರಡೂ ಕಾಡಿನ ದಾರಿಗಳೇ. ಮಲಯಾಳದಲ್ಲಿ ‘ಕಾಟ್ಟಿ’ ಎಂದರೆ ಕಾಡುಕೋಣ, ‘ಕುಳಂ’ ಎಂದರೆ ಕೊಳ. ಊರಿನ ಹೆಸರೇ ಅದರ ನೆರೆಹೊರೆಯನ್ನು ಹೇಳುತ್ತದೆ. ಬಾವಲಿಯ ದಾರಿಯಲ್ಲಿ ಸಂಜೆ 6ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ತಡೆಯಿದೆ. ಹಗಲಿನಲ್ಲಿಯೂ ಕಾಡಿನ ನಡುವೆ ವಾಹನ ನಿಲ್ಲಿಸಿ ಬಾನೆಟ್ ತೆರೆದು ನೋಡುವ ಸ್ಥಳ ಅದಲ್ಲ. ಆದುದರಿಂದ ಈ ದಾರಿಯಲ್ಲಿ ಮೈಸೂರಿನ ಆಸ್ಪತ್ರೆಗೋ ನಂಟರ ಮನೆಯ ಮದುವೆಗೋ ಹೋಗಿಬರುವ ಕುಟುಂಬಗಳು ವಾಹನದ ಸಣ್ಣ ಊನವನ್ನೂ ಮನೆಯಂಗಳದಲ್ಲಿಯೇ ಕಂಡುಕೊಳ್ಳುವುದು ಲೇಸು.

ಅಂತಹ ಊನಗಳಲ್ಲಿ ಒಂದು, ಪವರ್ ಸ್ಟಿಯರಿಂಗಿನ ಎಣ್ಣೆ ಸೋರುವುದು. ಹದಿನೈದು ಇಪ್ಪತ್ತು ವರ್ಷ ದುಡಿದ ಕಾರು, ಜೀಪುಗಳಲ್ಲಿ ಇದು ಸಾಮಾನ್ಯ. ಬೆಳಗ್ಗೆ ವಾಹನ ತೆಗೆದ ಜಾಗದಲ್ಲಿ ಅಂಗೈಯಗಲದ ಕೆಂಪು ಕಲೆ. ಚಕ್ರ ಪೂರ್ತಿ ತಿರುಗಿಸುವಾಗ ಒಂದು ಬಗೆಯ ಕೊರಗುವ ಸದ್ದು. ತಿಂಗಳಿಗೊಮ್ಮೆ ಎಣ್ಣೆ ಸುರಿಯಬೇಕಾದ ಅಗತ್ಯ. ಹಲವರು ಇಲ್ಲಿಗೇ ನಿಲ್ಲಿಸಿ, ಸುರಿಯುವುದನ್ನೇ ಚಿಕಿತ್ಸೆಯೆಂದು ತಿಳಿಯುತ್ತಾರೆ. ಇನ್ನು ಕೆಲವರು ಕಾರ್ಯಾಗಾರದಲ್ಲಿ ಕೇಳಿದ ಮೊದಲ ಮಾತಿಗೇ ಒಪ್ಪಿ ಇಡೀ ರ‍್ಯಾಕನ್ನು ಬದಲಿಸಿ ಸಾವಿರಾರು ರೂಪಾಯಿ ತೆರುತ್ತಾರೆ. ಎರಡೂ ತಪ್ಪು ದಾರಿಗಳು. ಎಣ್ಣೆ ಎಲ್ಲಿಂದ ಹೊರಟಿತೆಂಬುದನ್ನು ಕಣ್ಣಾರೆ ಕಾಣುವ ತನಕ ಸುರಿಯುವುದರಿಂದಲೂ ಗುಣವಿಲ್ಲ, ಬದಲಿಸುವುದರಿಂದಲೂ ಗುಣವಿಲ್ಲ.

ಯಂತ್ರದ ರೀತಿ

ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಚಾಲಕನ ತೋಳಿನ ಬಲವೇ ಚಕ್ರವನ್ನು ತಿರುಗಿಸಬೇಕಾಗಿತ್ತು. ಆ ಶ್ರಮಕ್ಕೆ ಎಣ್ಣೆಯ ಒತ್ತಡವನ್ನು ನೆರವಾಗಿಸುವ ಏರ್ಪಾಡನ್ನು ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್ 1920ರ ದಶಕದಲ್ಲಿಯೇ ರೂಪಿಸಿದ್ದನು. ಆದರೆ ಮಾರಾಟದ ಕಾರಿನಲ್ಲಿ ಅದು ಮೊದಲು ಬಂದುದು 1951ರಲ್ಲಿ, ಕ್ರೈಸ್ಲರ್ ಕಂಪೆನಿಯ ಇಂಪೀರಿಯಲ್ ಕಾರಿನೊಂದಿಗೆ. ಇಂದಿನ ಹೊಸ ಸಣ್ಣ ಕಾರುಗಳಲ್ಲಿ ಎಣ್ಣೆಯ ಬದಲು ವಿದ್ಯುತ್ ಮೋಟಾರು ಈ ಕೆಲಸ ಮಾಡುತ್ತದೆ. ಅವುಗಳಲ್ಲಿ ಸೋರುವ ಮಾತೇ ಇಲ್ಲ. ನಾವು ಹೇಳುತ್ತಿರುವುದು ಎಣ್ಣೆಯ ಏರ್ಪಾಡು ಇರುವ ಹಳೆಯ ವಾಹನಗಳ ವಿಚಾರ.

ಅದರ ಅಂಗಗಳು ಐದು. ಎಣ್ಣೆಯ ಡಬ್ಬಿ; ಎಂಜಿನಿನ ಬೆಲ್ಟಿನಿಂದ ತಿರುಗುವ ಪಂಪು; ಪಂಪಿನಿಂದ ಹೊರಡುವ ಒತ್ತಡದ ಹೋಸು; ಚಕ್ರಗಳನ್ನು ಹೊರಳಿಸುವ ರ‍್ಯಾಕ್; ಕೆಲಸ ಮುಗಿಸಿದ ಎಣ್ಣೆ ಡಬ್ಬಿಗೆ ಮರಳುವ ಹೋಸು. ಕೆಲವು ಭಾರೀ ವಾಹನಗಳಲ್ಲಿ ರ‍್ಯಾಕಿನ ಸ್ಥಾನದಲ್ಲಿ ಒಂದು ಪೆಟ್ಟಿಗೆಯಿರುತ್ತದೆ. ನಾವು ಸ್ಟಿಯರಿಂಗ್ ತಿರುಗಿಸಿದೊಡನೆ ಒಂದು ಕವಾಟ ತೆರೆದು, ಎಣ್ಣೆಯು ರ‍್ಯಾಕಿನೊಳಗಿನ ಪಿಸ್ಟನ್ನಿನ ಒಂದು ಬದಿಗೆ ನುಗ್ಗಿ ಅದನ್ನು ತಳ್ಳುತ್ತದೆ. ಚಕ್ರವನ್ನು ಒಂದು ಕೊನೆಗೆ ಒತ್ತಿ ಹಿಡಿದಾಗ ಈ ಒತ್ತಡ ಗರಿಷ್ಠಕ್ಕೇರಿ, ಟಯರಿನೊಳಗಿನ ಗಾಳಿಯ ಒತ್ತಡದ ಮೂವತ್ತು ಪಟ್ಟಿಗೂ ಮಿಗಿಲಾಗುತ್ತದೆ. ಗಾಡಿ ತಿರುಗಿಸುವಾಗ ಚಕ್ರವನ್ನು ಕೊನೆಗೆ ಒತ್ತಿ ನಿಲ್ಲಿಸಬಾರದೆಂದು ಹಿರಿಯ ಚಾಲಕರು ಹೇಳುವುದು ಈ ಕಾರಣದಿಂದಲೇ.

ಪತ್ತೆಯ ಕ್ರಮ

ಮೊದಲು ಸೋರಿದ್ದು ಯಾವುದೆಂದು ತಿಳಿಯಬೇಕು. ರಾತ್ರಿ ವಾಹನದ ಮುಂಭಾಗದ ಕೆಳಗೆ ಬಿಳಿಯ ರಟ್ಟನ್ನು ಹಾಸಿರಿ. ಎಂಜಿನ್ ಎಣ್ಣೆ ಕಪ್ಪಗಿರುತ್ತದೆ, ರೇಡಿಯೇಟರಿನ ದ್ರವ ಹಸಿರು ಇಲ್ಲವೆ ಗುಲಾಬಿ ಬಣ್ಣದ್ದು, ನೀರಿನಂತೆ ಹರಡುತ್ತದೆ, ಏ.ಸಿ.ಯದು ಬರಿಯ ನೀರು. ಪವರ್ ಸ್ಟಿಯರಿಂಗಿನ ಎಣ್ಣೆ ಬಹಳ ವಾಹನಗಳಲ್ಲಿ ಕೆಂಪು, ಹಳತಾದರೆ ಕಂದು. ಡಬ್ಬಿಯ ಮಟ್ಟವೂ ಇಳಿದಿದ್ದರೆ ಸಂದೇಹವಿಲ್ಲ.

ಎರಡನೆಯದಾಗಿ, ಹಳೆಯ ಜಿಡ್ಡನ್ನೆಲ್ಲ ತೊಳೆದು ಒರೆಸಿ ಒಣಗಿಸಿರಿ. ಎಣ್ಣೆ ತೊಟ್ಟಿಕ್ಕುವ ಜಾಗ ಅದು ಹೊರಟ ಜಾಗವಲ್ಲ. ಗಾಳಿಯಲ್ಲಿ ಚದರಿ, ಕಂಬಿಯ ಮೇಲೆ ಹರಿದು, ಬೇರೆಲ್ಲಿಯೋ ಬೀಳುತ್ತದೆ. ಮಣ್ಣು ಮೆತ್ತಿದ ಯಂತ್ರದಲ್ಲಿ ಸೋರುವ ಬಾಯಿಯನ್ನು ಯಾವ ಮೇಸ್ತ್ರಿಯೂ ಕಾಣಲಾರ. ತೊಳೆದ ಬಳಿಕ ಎಂಜಿನ್ ಚಾಲೂ ಮಾಡಿ, ಒಬ್ಬರು ಒಳಗೆ ಕುಳಿತು ಸ್ಟಿಯರಿಂಗನ್ನು ಎರಡೂ ಕಡೆಗೆ ನಿಧಾನವಾಗಿ ತಿರುಗಿಸುತ್ತಿರಲಿ. ಇನ್ನೊಬ್ಬರು ಟಾರ್ಚು ಹಿಡಿದು ಮೇಲಿನಿಂದ ಕೆಳಗೆ ನೋಡಲಿ. ಬೆಲ್ಟು ಮತ್ತು ಫ್ಯಾನಿನಿಂದ ಕೈ ದೂರವಿರಲಿ. ಒತ್ತಡದ ಹೋಸನ್ನು ಬೆರಳಿನಿಂದ ಸವರಿ ನೋಡುವುದಂತೂ ಸರ್ವಥಾ ಕೂಡದು. ಸೂಜಿಯ ಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಭೇದಿಸಿ ಒಳಹೊಗಬಲ್ಲುದು. ರಟ್ಟಿನ ತುಂಡನ್ನು ಮುಂದೊಡ್ಡಿ ನೋಡಿದರೆ ಸಾಕು. ಜ್ಯಾಕೊಂದನ್ನೇ ನಂಬಿ ಗಾಡಿಯ ಅಡಿಗೆ ಹೋಗಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಊನ ಎಲ್ಲಿ, ಉಪಾಯವೇನು

ಅಗ್ಗದ ಕಾರಣಗಳಿಂದ ಆರಂಭಿಸೋಣ. ಡಬ್ಬಿಗೆ ಮರಳುವ ಹೋಸು ಬಿಸಿಗೆ ಗಟ್ಟಿಯಾಗಿ, ಕ್ಲ್ಯಾಂಪಿನ ಬಳಿ ಬಿರಿಯುತ್ತದೆ. ಹೊಸ ಹೋಸು ಮತ್ತು ಎರಡು ಕ್ಲ್ಯಾಂಪು ಹಾಕಿದರೆ ತೀರಿತು. ಆದರೆ ಕೈಗೆ ಸಿಕ್ಕಿದ ನೀರಿನ ಹೋಸನ್ನು ತುರುಕಬಾರದು. ಬಿಸಿ ಎಣ್ಣೆಯನ್ನು ತಾಳುವ ಹೋಸೇ ಬೇಕು. ಡಬ್ಬಿಯಲ್ಲಿ ನೊರೆ ಕಂಡು ಪಂಪು ಕೊರಗುತ್ತಿದ್ದರೆ, ಡಬ್ಬಿಯಿಂದ ಪಂಪಿಗೆ ಹೋಗುವ ಹೋಸು ಗಾಳಿಯನ್ನು ಹೀರುತ್ತಿದೆಯೇ ಎಂದು ನೋಡಬೇಕು.

ಒತ್ತಡದ ಹೋಸು ಸೋರುವುದು ಸಾಮಾನ್ಯವಾಗಿ ರಬ್ಬರು ಮತ್ತು ಕಬ್ಬಿಣ ಕೂಡುವ ಕುತ್ತಿಗೆಯಲ್ಲಿ. ಇಲ್ಲಿ ಕ್ಲ್ಯಾಂಪು ಬಿಗಿಯುವ ಉಪಾಯ ಅಪಾಯಕರ. ಹೊಸದು ದೊರೆಯದಿದ್ದರೆ, ಮಣ್ಣು ತೆಗೆಯುವ ಯಂತ್ರ ಹಾಗೂ ಟ್ರ್ಯಾಕ್ಟರುಗಳ ಹೋಸು ಕಟ್ಟುವ ಅಂಗಡಿಯಲ್ಲಿ, ತಕ್ಕ ಒತ್ತಡದ ಹೋಸಿಗೆ ಹಳೆಯ ತುದಿಗಳನ್ನು ಕೂಡಿಸಿ ಯಂತ್ರದಿಂದ ಒತ್ತಿಸಿಕೊಳ್ಳಬಹುದು. ಈ ಹೋಸಿನ ಸೋರಿಕೆಯನ್ನು ನಾಳೆಗೆ ದೂಡಬಾರದು. ಚಿಮ್ಮಿದ ಎಣ್ಣೆ ಕಾದ ಹೊಗೆಕೊಳವೆಯ ಮೇಲೆ ಬಿದ್ದರೆ ಬೆಂಕಿ ಹತ್ತುವ ಭಯವುಂಟು.

ಪಂಪಿನ ಮುಂಭಾಗದ ಆಯಿಲ್ ಸೀಲು ಸವೆದರೆ, ಪುಲ್ಲಿಯ ಸುತ್ತ ಎಣ್ಣೆ ಗೆರೆ ಎಳೆದಂತೆ ಎರಚಿರುತ್ತದೆ. ಸೀಲು ಬದಲಿಸಬಹುದು, ಆದರೆ ದಂಡದಲ್ಲಿ ಕಾಲುವೆ ಬಿದ್ದಿದ್ದರೆ ಹೊಸ ಸೀಲೂ ನಿಲ್ಲದು. ಎಣ್ಣೆ ಕುಡಿದ ಬೆಲ್ಟನ್ನೂ ಜೊತೆಗೆ ಬದಲಿಸುವುದು ಕ್ಷೇಮ.

ಕೊನೆಯದು ರ‍್ಯಾಕ್. ಅದರ ಎರಡು ತುದಿಗಳಲ್ಲಿ ಮಡಿಕೆಮಡಿಕೆಯಾದ ರಬ್ಬರ್ ಬೂಟುಗಳಿರುತ್ತವೆ. ಅವನ್ನು ಹಿಸುಕಿದಾಗ ಒಳಗೆ ಎಣ್ಣೆ ತುಳುಕಿದರೆ ರ‍್ಯಾಕಿನ ಸೀಲು ಹೋಗಿದೆಯೆಂದೇ ಅರ್ಥ. ಇದು ಬಹುಪಾಲು ಬೂಟು ಹರಿದುದರ ಫಲ. ವಯನಾಡಿನ ಮಳೆಗಾಲದ ಕೆಸರು ಹರಿದ ಬೂಟಿನೊಳಗೆ ಸೇರಿ, ನುಣುಪಾದ ದಂಡಕ್ಕೆ ತುಕ್ಕು ಹಿಡಿಸುತ್ತದೆ. ಆ ತುಕ್ಕಿನ ಗುಳಿಗಳು ಸೀಲನ್ನು ಗರಗಸದಂತೆ ಕೊಯ್ಯುತ್ತವೆ. ದಂಡ ನುಣುಪಾಗಿದ್ದರೆ ಸೀಲುಗಳ ಕಿಟ್ಟು ಹಾಕಿಸಬಹುದು. ಗುಳಿ ಬಿದ್ದಿದ್ದರೆ ಕಿಟ್ಟಿನ ಹಣ ನೀರುಪಾಲು. ಆಗ ಮಾತ್ರ ರ‍್ಯಾಕ್ ಬದಲಿಸುವುದು ನ್ಯಾಯ. ಮೇಸ್ತ್ರಿಯೊಡನೆ ‘ದಂಡವನ್ನು ತೋರಿಸಿ’ ಎಂದು ಕೇಳುವ ಹಕ್ಕು ವಾಹನದ ಒಡೆಯನಿಗಿದೆ. ರ‍್ಯಾಕ್ ಬಿಚ್ಚಿ ಕೂಡಿಸಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸದಿದ್ದರೆ ಟಯರು ಬೇಗನೆ ಸವೆಯುತ್ತದೆ. ನೂರಾರು ರೂಪಾಯಿಯ ಬೂಟನ್ನು ಮಳೆಗಾಲಕ್ಕೆ ಮುನ್ನ ನೋಡಿಕೊಂಡವನಿಗೆ ಸಾವಿರಾರು ರೂಪಾಯಿಯ ರ‍್ಯಾಕ್ ಉಳಿಯುತ್ತದೆ.

ಎಣ್ಣೆಯ ವಿಷಯ

ಗಡಿನಾಡಿನ ಮನೆಗಳಿಗೆ ವಿಶೇಷವಾದ ಒಂದು ತೊಡಕನ್ನು ಇಲ್ಲಿ ಹೇಳಬೇಕು. ನಮ್ಮ ಗಾಡಿ ಈ ತಿಂಗಳು ಮಾನಂದವಾಡಿಯ ಕಾರ್ಯಾಗಾರದಲ್ಲಿದ್ದರೆ ಮುಂದಿನ ತಿಂಗಳು ಗೋಣಿಕೊಪ್ಪದಲ್ಲಿಯೋ ಮೈಸೂರಿನಲ್ಲಿಯೋ ಇರುತ್ತದೆ. ಒಬ್ಬ ಮೇಸ್ತ್ರಿ ಒಂದು ಎಣ್ಣೆ ಹಾಕಿದರೆ ಇನ್ನೊಬ್ಬನು ತನಗೆ ತೋಚಿದ್ದನ್ನು ಹಾಕುತ್ತಾನೆ. ಒಬ್ಬನ ಭಾಷೆಯ ಚೀಟಿ ಇನ್ನೊಬ್ಬನಿಗೆ ಓದಲು ಬಾರದು. ಎಲ್ಲ ವಾಹನಗಳಿಗೂ ಒಂದೇ ಎಣ್ಣೆಯಲ್ಲ. ಕೆಲವಕ್ಕೆ ಎ.ಟಿ.ಎಫ್., ಕೆಲವಕ್ಕೆ ಬೇರೆಯೇ ದ್ರವ. ಡಬ್ಬಿಯ ಮುಚ್ಚಳದಲ್ಲಿ ಇಲ್ಲವೆ ಕೈಪಿಡಿಯಲ್ಲಿ ಅದನ್ನು ಬರೆದಿರುತ್ತಾರೆ. ಬ್ರೇಕ್ ಎಣ್ಣೆಯನ್ನಂತೂ ತಪ್ಪಿಯೂ ಸುರಿಯಬಾರದು. ಅದು ಇಲ್ಲಿನ ರಬ್ಬರ್ ಸೀಲುಗಳನ್ನು ಉಬ್ಬಿಸಿ ಕೆಡಿಸುತ್ತದೆ. ಗಾಡಿಯಲ್ಲಿ ಒಂದು ಚಿಕ್ಕ ಪುಸ್ತಕವಿಟ್ಟು, ಯಾವ ದಿನ ಯಾವ ಎಣ್ಣೆ ಎಷ್ಟು ಹಾಕಿದೆವೆಂದು ಬರೆದಿಡುವುದು ಇದಕ್ಕೆ ಸುಲಭವಾದ ಪರಿಹಾರ. ಸೋರುವುದನ್ನು ನಿಲ್ಲಿಸುತ್ತದೆಂದು ಮಾರುವ ಸೀಸೆಯ ಔಷಧಿಗಳು ಗಟ್ಟಿಯಾದ ರಬ್ಬರನ್ನು ಮೆತ್ತಗೆ ಮಾಡಿ ಕೆಲವು ಕಾಲ ತಡೆಯಬಹುದು. ಹರಿದ ಸೀಲನ್ನು ಅವು ಹೊಲಿಯಲಾರವು.

ದುರಸ್ತಿಯ ಬಳಿಕ ಒಳಗಿನ ಗಾಳಿಯನ್ನು ತೆಗೆಯಬೇಕು. ಮುಂದಿನ ಚಕ್ರಗಳನ್ನೆತ್ತಿ ಭದ್ರವಾದ ಆಸರೆ ಕೊಟ್ಟು, ಎಂಜಿನ್ ನಿಲ್ಲಿಸಿಯೇ ಡಬ್ಬಿ ತುಂಬಿ, ಸ್ಟಿಯರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಹತ್ತಿಪ್ಪತ್ತು ಬಾರಿ ನಿಧಾನವಾಗಿ ತಿರುಗಿಸಿ, ಮಟ್ಟ ಇಳಿದಂತೆ ತುಂಬುತ್ತಿರಬೇಕು. ಗುಳ್ಳೆಗಳು ನಿಂತ ಮೇಲೆ ಎಂಜಿನ್ ಚಾಲೂ ಮಾಡಿ ಮತ್ತೊಮ್ಮೆ ಪರೀಕ್ಷಿಸಬೇಕು. ತೆಗೆದ ಹಳೆಯ ಎಣ್ಣೆಯನ್ನು ಕಾಫಿ ತೋಟದ ಚರಂಡಿಗೆ ಚೆಲ್ಲುವುದು ಬೇಡ. ಇಲ್ಲಿಯ ತೋಡುಗಳ ನೀರು ಕಬಿನಿಗೆ ಸೇರುತ್ತದೆ. ಡಬ್ಬಿಯಲ್ಲಿ ತುಂಬಿ ಕಾರ್ಯಾಗಾರಕ್ಕೆ ಒಪ್ಪಿಸಬೇಕು.

ದಾರಿಯಲ್ಲಿ ಕೈಕೊಟ್ಟರೆ

ಎಷ್ಟು ಎಚ್ಚರವಿದ್ದರೂ ಹೋಸು ಒಡೆಯುವುದುಂಟು. ಆಗ ಸ್ಟಿಯರಿಂಗ್ ಒಮ್ಮೆಗೇ ಕಲ್ಲಿನಂತಾಗುತ್ತದೆ. ಚಾಲಕನು ಗಾಬರಿಪಡಬಾರದು. ಕೈಗೂ ಚಕ್ರಕ್ಕೂ ಇರುವ ಕಬ್ಬಿಣದ ಸಂಬಂಧ ಕಡಿದಿರುವುದಿಲ್ಲ. ಎಣ್ಣೆಯ ನೆರವು ಮಾತ್ರ ನಿಂತಿರುತ್ತದೆ. ಎರಡೂ ಕೈಗಳಿಂದ ಬಲವಾಗಿ ಹಿಡಿದು ವೇಗ ತಗ್ಗಿಸಿದರೆ ಗಾಡಿ ಮಾತು ಕೇಳುತ್ತದೆ. ಉರುಳುತ್ತಿರುವಾಗ ಎಂಜಿನ್ ಆರಿಸಬಾರದು. ಆರಿಸಿದರೆ ಬ್ರೇಕಿನ ನೆರವೂ ಹೋಗುತ್ತದೆ, ಕೀಲಿಯನ್ನು ಪೂರ್ತಿ ತಿರುಗಿಸಿ ಹೊರತೆಗೆದರೆ ಸ್ಟಿಯರಿಂಗಿಗೆ ಬೀಗ ಬೀಳುವ ಭಯವೂ ಇದೆ. ಎಣ್ಣೆಯಿಲ್ಲದ ಪಂಪು ಬೇಗನೆ ಹಾಳಾಗುವುದರಿಂದ, ಭಯವಿಲ್ಲದ ಮೊದಲ ತಾಣದಲ್ಲಿ ನಿಲ್ಲಿಸಿ ಸಹಾಯ ಕರೆಯುವುದೇ ಸರಿ. ಬೆಲ್ಟನ್ನು ಕತ್ತರಿಸಿ ಮುಂದುವರಿಯುವ ಸಾಹಸವೂ ಬೇಡ. ಅನೇಕ ಎಂಜಿನುಗಳಲ್ಲಿ ಅದೇ ಬೆಲ್ಟು ನೀರಿನ ಪಂಪನ್ನೂ ತಿರುಗಿಸುತ್ತದೆ.

ಮೈಸೂರಿನ ಕಡೆಗೋ ಕೊಡಗಿನ ಕಡೆಗೋ ಹೊರಡುವ ಮುನ್ನಾದಿನ ಡಬ್ಬಿಯ ಮಟ್ಟ, ಎರಡು ಹೋಸು, ಎರಡು ಬೂಟು ನೋಡಲು ಹತ್ತು ನಿಮಿಷ ಸಾಕು. ಮಕ್ಕಳನ್ನೂ ವೃದ್ಧರನ್ನೂ ಕೂರಿಸಿಕೊಂಡು ಕಾಡು ದಾಟುವವನು ಆ ಹತ್ತು ನಿಮಿಷವನ್ನು ಮನೆಯಂಗಳದಲ್ಲಿಯೇ ಕೊಡಲಿ.