ಬೊಗಳಿದ್ದಕ್ಕೆ ಗುಂಡು

2008ರ ಜುಲೈ 29ರ ಸಂಜೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬರ್ವಿನ್ ಹೈಟ್ಸ್ ಎಂಬ ಸಣ್ಣ ಊರಿನ ಮೇಯರ್ ಕಾಲ್ವೊ ನಾಯಿಗಳನ್ನು ಸುತ್ತಾಡಿಸಿಕೊಂಡು ಬಂದರು. ಹೆಂಡತಿಯ ಹೆಸರಿಗೆ ಬಂದಿದ್ದ ಪಾರ್ಸೆಲೊಂದು ಬಾಗಿಲಲ್ಲಿತ್ತು. ಅದನ್ನು ಒಳಗಿಟ್ಟು, ಸಭೆಗೆ ಹೊರಡಲು ಮಹಡಿಯಲ್ಲಿ ಬಟ್ಟೆ ಬದಲಾಯಿಸುತ್ತಿದ್ದರು. ಅತ್ತೆ ಅಡುಗೆ ಮಾಡುತ್ತಿದ್ದರು. ಅಷ್ಟರಲ್ಲಿ ಕೌಂಟಿಯ (ಜಿಲ್ಲೆಯ) ಪೊಲೀಸರು ಬಾಗಿಲು ಮುರಿದು ನುಗ್ಗಿದರು. ಪೇಟನ್, ಚೇಸ್ ಎಂಬ ಎರಡು ಕಪ್ಪು ಲ್ಯಾಬ್ರಡಾರ್‌ಗಳು ಗುಂಡೇಟಿಗೆ ಸತ್ತವು. ಚೇಸ್ ಓಡಿಹೋಗುತ್ತಿತ್ತು ಎಂದರು ಕಾಲ್ವೊ. ಚಡ್ಡಿಯಲ್ಲೇ ಇದ್ದ ಅವರ ಕೈಕಟ್ಟಿ ಮಂಡಿಯೂರಿಸಲಾಯಿತು.

ಪಾರ್ಸೆಲಿನಲ್ಲಿದ್ದದ್ದು ಸುಮಾರು 14 ಕೆ.ಜಿ. ಗಾಂಜಾ. ಏನೂ ಅರಿಯದವರ ವಿಳಾಸಕ್ಕೆ ಕಳಿಸಿ, ದಾರಿಯಲ್ಲೇ ಎತ್ತಿಕೊಳ್ಳುವುದು ಸಾಗಣೆಗಾರರ ತಂತ್ರವಾಗಿತ್ತು. ದಾಳಿಗೆ ಮೊದಲು ಊರಿನ ಪೊಲೀಸರನ್ನು ಒಂದು ಮಾತು ಕೇಳಿದ್ದರೂ ಅದು ಯಾರ ಮನೆ ಎಂದು ತಿಳಿಯುತ್ತಿತ್ತು. ಕೇಳಲಿಲ್ಲ.

ಅಲ್ಲಿನ ಕಾನೂನಿನ ಕಣ್ಣಿಗೆ ನಾಯಿ ಮನೆಯ ಸೊತ್ತು. ಸಂವಿಧಾನದ ನಾಲ್ಕನೇ ತಿದ್ದುಪಡಿಯ ಪ್ರಕಾರ ಅದನ್ನು ಕೊಲ್ಲುವುದೂ ಒಂದು ಬಗೆಯ ಜಪ್ತಿಯೇ. ಸಮಂಜಸ ಕಾರಣವಿಲ್ಲದೆ ಮಾಡುವಂತಿಲ್ಲ. ಮನೆಯಲ್ಲಿ ನಾಯಿಗಳಿವೆ ಎಂದು ಒಂದು ವಾರ ಮೊದಲೇ ಗೊತ್ತಿದ್ದೂ ಗುಂಡಿಗೆ ಬದಲಾಗಿ ಬೇರೆ ದಾರಿ ಯೋಚಿಸದ ಸ್ಯಾನ್ ಹೋಸೆ ಪೊಲೀಸರಿಗೆ 2005ರಲ್ಲಿ ಮೇಲ್ಮನವಿ ನ್ಯಾಯಾಲಯ ಮೊಕದ್ದಮೆಯಿಂದ ರಕ್ಷಣೆ ಕೊಡಲಿಲ್ಲ. ಸರಿಯಾದ ತೀರ್ಪು ಅದು.

ಆದರೆ 2016ರಲ್ಲಿ ಮಿಶಿಗನ್ನಿನ ಬ್ಯಾಟಲ್ ಕ್ರೀಕ್ ಪ್ರಕರಣದಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ ಪೊಲೀಸರ ಪರ ನಿಂತಿತು. ಒಳಗೆ ನಾಯಿಗಳಿವೆ, ಬಾಗಿಲ ಕೀಲಿ ನನ್ನ ಹತ್ತಿರವಿದೆ ಎಂದು ಮನೆಯಾತ ಹೇಳಿದ್ದ. ಪೊಲೀಸರು ಬಾಗಿಲು ಮುರಿದೇ ಹೋಗಿ ಒಂದು ನಾಯಿಗೆ ಗುಂಡು ಹೊಡೆದರು. ಎರಡನೆಯ ನಾಯಿ ನೆಲಮಾಳಿಗೆಯಲ್ಲಿ ಪಕ್ಕಕ್ಕೆ ತಿರುಗಿ ನಿಂತು ಬೊಗಳುತ್ತಿತ್ತು, ಅಷ್ಟೇ. ಅದಕ್ಕೂ ಗುಂಡು ಬಿತ್ತು. ಅಪರಿಚಿತರು ಬಾಗಿಲೊಡೆದು ಬಂದಾಗ ಬೊಗಳದ ನಾಯಿ ಎಲ್ಲಿದೆ? ಬೊಗಳುವುದನ್ನೇ ಅಪಾಯವೆಂದು ಒಪ್ಪಿಬಿಟ್ಟರೆ ಯಾವ ಮನೆಯ ನಾಯಿಗೂ ಉಳಿಗಾಲವಿಲ್ಲ.

ಪೊಲೀಸರ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಹಲ್ಲು ಕಿರಿದು ಮೈಮೇಲೆ ಎರಗುವ ನಾಯಿಯೆದುರು ಯೋಚಿಸಲು ಹೊತ್ತಿರುವುದಿಲ್ಲ. ಆದರೆ ಅಮೆರಿಕದ ಅಂಚೆಯವರನ್ನು ವರ್ಷಕ್ಕೆ ಸಾವಿರಾರು ಸಲ ನಾಯಿಗಳು ಕಚ್ಚುತ್ತವೆ. ಅವರು ಚೀಲವನ್ನೇ ಅಡ್ಡ ಹಿಡಿಯುತ್ತಾರೆ, ಸ್ಪ್ರೇ ಹೊಡೆಯುತ್ತಾರೆ. ಅದಕ್ಕೆ ಅವರಿಗೆ ತರಬೇತಿ ಇದೆ. ಪೊಲೀಸರಿಗೂ ನಾಯಿಯ ವರ್ತನೆ ಅರಿಯುವ ತರಬೇತಿ ಕೊಡಬೇಕೆಂದು ಕೊಲರಾಡೊ 2013ರಲ್ಲಿ ಕಾನೂನು ಮಾಡಿತು.

ಕಾಲ್ವೊ ಸುಮ್ಮನೆ ಕೂರಲಿಲ್ಲ. ಅವರ ಹೋರಾಟದಿಂದ 2009ರಲ್ಲಿ ಮೇರಿಲ್ಯಾಂಡ್ ಕಾನೂನೊಂದನ್ನು ತಂದಿತು. ಸ್ವಾಟ್ ಎಂಬ ಪೊಲೀಸರ ವಿಶೇಷ ಶಸ್ತ್ರಪಡೆಯ ಪ್ರತಿ ದಾಳಿಯ ವಿವರ, ಸತ್ತ ಸಾಕುಪ್ರಾಣಿಯ ಲೆಕ್ಕವೂ ಸೇರಿ, ಸರ್ಕಾರಕ್ಕೆ ಸಲ್ಲಬೇಕಿತ್ತು. 2014ರಲ್ಲಿ ಅದರ ಅವಧಿ ಮುಗಿಯಿತು. ಅಂಥ ಕಾನೂನು ಮೇರಿಲ್ಯಾಂಡಿಗಷ್ಟೇ ಅಲ್ಲ, ಅಲ್ಲಿನ ಪ್ರತಿ ರಾಜ್ಯಕ್ಕೂ ಬೇಕು. ಬಾಗಿಲು ಮುರಿಯುವ ಮೊದಲು ನಾಯಿಗೇನು ಮಾಡುತ್ತೀರೆಂದು ವಾರಂಟ್ ಕೊಡುವ ನ್ಯಾಯಾಧೀಶರೇ ಕೇಳಬೇಕು.