ಕಡಲ ತಳದ ತಕ್ಕಡಿ

"ಸಮುದ್ರದ ಅಡಿಯಲ್ಲಿ ಯಂತ್ರ ಇಟ್ಟು ಏನು ಅಳೀತಾರೆ ಮಾರಾಯ್ರೆ? ಕಡಲಲ್ಲಿ ಹುಣಸೆಹಣ್ಣು ತೊಳೆದ ಹಾಗೆ!" ಕರಾವಳಿಯ ಅಂಗಡಿ ಜಗಲಿಯಲ್ಲಿ ಯಾರಾದರೂ ಹೀಗಂದರೆ ಆಶ್ಚರ್ಯವಿಲ್ಲ. ಕಣ್ಣಿಗೆ ಕಾಣದ ಖರ್ಚಿನ ಮೇಲೆ ಜನರಿಗೆ ಗುಮಾನಿ ಸಹಜ. ಆದರೆ ಈ ಖರ್ಚಿನ ಲೆಕ್ಕವೇ ಬೇರೆ.

2004ರ ಡಿಸೆಂಬರ್ 26. ಸುಮಾತ್ರಾ ಬಳಿ ಭೂಮಿ ನಡುಗಿದ್ದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಸುಮಾರು ಆರೂವರೆಗೆ. ಅಲೆ ಚೆನ್ನೈ ಮುಟ್ಟಿದ್ದು ಎರಡು ತಾಸಿನ ಮೇಲೆ. ಮಂಗಳೂರಿನಲ್ಲಿ ಬಸ್ಸು ಹತ್ತಿದವ ಕುಂದಾಪುರ ಮುಟ್ಟುವಷ್ಟು ಹೊತ್ತು! ಆದರೂ ಹೇಳುವವರಿರಲಿಲ್ಲ. ಹಿಂದೂ ಮಹಾಸಾಗರಕ್ಕೆ ಆಗ ಸುನಾಮಿ ಎಚ್ಚರಿಕೆಯ ವ್ಯವಸ್ಥೆಯೇ ಇರಲಿಲ್ಲ. ಹಲವು ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ಸತ್ತರು.

ಆ ಪೆಟ್ಟು ತಿಂದ ಮೇಲೆ 2007ರಲ್ಲಿ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಶುರುವಾಯಿತು. ಬಂಗಾಳ ಕೊಲ್ಲಿ, ಅರಬ್ಬೀ ಸಮುದ್ರಗಳ ತಳಕ್ಕೆ ಒತ್ತಡಮಾಪಕಗಳು ಇಳಿದವು.

ಇದೊಂದು ತಕ್ಕಡಿ ಎಂದೇ ತಿಳಿಯಿರಿ. ತನ್ನ ಮೇಲಿರುವ ನೀರನ್ನು ತೂಗುವುದೇ ಇದರ ಕೆಲಸ. ಗಾಳಿ ಎಬ್ಬಿಸಿದ ಅಲೆ ಎಷ್ಟೇ ಅಬ್ಬರಿಸಲಿ, ಆಳದ ತಳಕ್ಕೆ ಅದರ ಸುದ್ದಿ ಮುಟ್ಟದು. ಸುನಾಮಿಯಲ್ಲಾದರೋ ಮೇಲಿನಿಂದ ತಳದವರೆಗೆ ಇಡೀ ನೀರೇ ಚಲಿಸುತ್ತದೆ. ಒಂದು ಅಲೆ ಹಾದುಹೋಗಲು ಹತ್ತು ನಿಮಿಷದಿಂದ ಒಂದು ತಾಸು. ನಡುಗಡಲಿನಲ್ಲಿ ಅದರ ಎತ್ತರ ಒಂದು ಮೀಟರಿಗೂ ಕಡಿಮೆ ಇರಬಹುದು. ಬೋಟಿನವನಿಗೆ ಗೊತ್ತೇ ಆಗುವುದಿಲ್ಲ. ಆದರೆ ಸಾವಿರಾರು ಮೀಟರ್ ನೀರು ಹೊತ್ತ ಈ ತಕ್ಕಡಿ ಒಂದು ಸೆಂಟಿಮೀಟರಿನ ಏರನ್ನೂ ಹಿಡಿಯುತ್ತದೆ.

ಉಬ್ಬರ-ಇಳಿತವೂ ತೂಕಕ್ಕೆ ಸೇರುವುದಿಲ್ಲವೇ? ಸೇರುತ್ತದೆ. ಎಣ್ಣೆ ತೂಗುವ ಅಂಗಡಿಯವ ಡಬ್ಬದ ತೂಕ ಕಳೆಯುವಂತೆ, ಮೊದಲೇ ಲೆಕ್ಕ ಗೊತ್ತಿರುವ ಉಬ್ಬರವನ್ನು ಕಳೆದು ಉಳಿದದ್ದನ್ನು ನೋಡುತ್ತಾರೆ. ಸುದ್ದಿ ಶಬ್ದದ ರೂಪದಲ್ಲಿ ಮೇಲಿನ ತೇಲುಬುರುಡೆಗೆ, ಅಲ್ಲಿಂದ ಉಪಗ್ರಹಕ್ಕೆ, ಉಪಗ್ರಹದಿಂದ ಕೇಂದ್ರಕ್ಕೆ.

ಇದರ ದೊಡ್ಡ ಉಪಕಾರ 'ಅಪಾಯ ಇಲ್ಲ' ಎಂದು ಹೇಳುವುದರಲ್ಲೂ ಇದೆ. 2012ರ ಏಪ್ರಿಲ್ 11ರಂದು ಸುಮಾತ್ರಾ ಬಳಿಯೇ 8.6 ತೀವ್ರತೆಯ ಭೂಕಂಪವಾಯಿತು. ನೆಲ ಅಡ್ಡಕ್ಕೆ ಜಾರಿದ್ದರಿಂದ ದೊಡ್ಡ ಅಲೆ ಏಳಲಿಲ್ಲ. ಭೂಕಂಪದ ಅಳತೆಯೊಂದನ್ನೇ ನಂಬಿ ಎರಡು ಸಲ ಸುಮ್ಮನೆ ಊರು ಖಾಲಿ ಮಾಡಿಸಿದರೆ, ಮೂರನೇ ಸಲ ನಿಜವೆಂದರೂ ಯಾರು ಶಟರ್ ಎಳೀತಾರೆ?

ಸುನಾಮಿ ಪೂರ್ವ ಕರಾವಳಿಯ ತಲೆನೋವು ಮಾತ್ರ ಎನ್ನುವವರು 1945ರ ನವೆಂಬರ್ ನೆನೆಯಲಿ. ಅರಬ್ಬೀ ಸಮುದ್ರದ ಮಕ್ರಾನ್ ದಂಡೆಯಲ್ಲೆದ್ದ ಸುನಾಮಿ ಮುಂಬಯಿಯಲ್ಲೂ ಪ್ರಾಣ ತೆಗೆಯಿತು.

ಈ ಯಂತ್ರಕ್ಕೆ ಶತ್ರು ಕಡಲೊಂದೇ ಅಲ್ಲ, ಮನುಷ್ಯನೂ ಹೌದು. ತೇಲುಬುರುಡೆಯ ಕೆಳಗೆ ಮೀನು ಸೇರುತ್ತದೆ. ಅದಕ್ಕೆ ಬೋಟು ಕಟ್ಟುವುದು, ಬಿಡಿಭಾಗ ಕಿತ್ತೊಯ್ಯುವುದು ಹಲವು ದೇಶಗಳಲ್ಲಿ ನಡೆದಿದೆ. ಭಾರತದ ಬುರುಡೆಗಳೂ ಹೀಗೆ ಹಾಳಾಗಿವೆ. ಬುರುಡೆ ಹೋದರೆ ತಳದ ತಕ್ಕಡಿ ಮೂಕ. ಮೊದಲು ಅಲೆಗೆ ಸಿಗುವುದು ಮೀನುಗಾರರ ಕೇರಿಯೇ ತಾನೆ?

ಕೇಸು ಹಾಕುವ ಬೆದರಿಕೆಯಿಂದ ಇದು ನಿಲ್ಲದು. ಮೀನುಗಾರಿಕೆ ಇಲಾಖೆಯವರು ಬಂದರಿಗೇ ಬಂದು ಬೋಟು ಮಾಲಕರಿಗೆ, ತಾಂಡೇಲರಿಗೆ ಅವರ ಭಾಷೆಯಲ್ಲೇ ತಿಳಿಹೇಳಬೇಕು. ಸುನಾಮಿ ಬರಲಿಲ್ಲವೆಂದು ರಿಪೇರಿ ಹಣಕ್ಕೆ ಕತ್ತರಿ ಹಾಕುವುದೂ ತರವಲ್ಲ. ಕಳ್ಳ ಬರಲಿಲ್ಲವೆಂದು ಅಂಗಡಿಯ ಬೀಗ ಮಾರುವವರುಂಟೇ?